ಮನೆಯೊಳಗಿನ ಭೂತ: 'ಮಾನ್‌ಸ್ಟರ್' ಕಿರುಚಿತ್ರ ಮತ್ತು ಕುಟುಂಬದ ನೋವಿನ ಕಥನ

1. ಪ್ರಸ್ತಾವನೆ

ಜಾನಪದ ವಿದ್ವಾಂಸರು ಚಲನಚಿತ್ರದ ಕಡೆಗೆ ನೋಡಿದಾಗಲೆಲ್ಲ ಸಾಮಾನ್ಯವಾಗಿ ಒಂದೇ ಬಗೆಯ ಕೆಲಸವನ್ನು ಮಾಡುತ್ತ ಬಂದಿದ್ದಾರೆ. ಚಿತ್ರದಲ್ಲಿ ಯಾವ ಜನಪದ ಕಥೆಯ ಆಶಯ ಬಂದಿದೆ, ಯಾವ ಹಾಡನ್ನು ಎಲ್ಲಿಂದ ಎತ್ತಿಕೊಳ್ಳಲಾಗಿದೆ, ಯಾವ ಆಚರಣೆಯನ್ನು ಸರಿಯಾಗಿ ಅಥವಾ ತಪ್ಪಾಗಿ ತೋರಿಸಲಾಗಿದೆ ಎಂದು ಪಟ್ಟಿ ಮಾಡುವುದೇ ಆ ಕೆಲಸ. ಮಿಕೆಲ್ ಕೋವನ್ ಅವರು ಚಲನಚಿತ್ರ, ಜಾನಪದ ಮತ್ತು ನಗರ ಐತಿಹ್ಯಗಳನ್ನು ಕುರಿತು 2008ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಧ್ಯಯನವು ಹೀಗೆ ಆಶಯಗಳನ್ನು ಗುರುತಿಸುವುದಕ್ಕೆ ಮಾತ್ರ ನಿಂತುಬಿಡಬಾರದೆಂದು ವಾದಿಸಿದ್ದಾರೆ. ಒಂದು ಚಿತ್ರವು ನಂಬಿಕೆಯೊಡನೆ ಹೇಗೆ ವ್ಯವಹರಿಸುತ್ತದೆ, ನೋಡುವವನನ್ನು ನಂಬಿಕೆ ಮತ್ತು ಅಪನಂಬಿಕೆಗಳ ನಡುವೆ ಎಲ್ಲಿ ನಿಲ್ಲಿಸುತ್ತದೆ ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆಯಾಗಿದೆ.

ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಆಸ್ಟ್ರೇಲಿಯಾದ ಜೆನಿಫರ್ ಕೆಂಟ್ ಅವರು 2005ರಲ್ಲಿ ಬರೆದು ನಿರ್ದೇಶಿಸಿದ 'ಮಾನ್‌ಸ್ಟರ್' ಎಂಬ ಸುಮಾರು ಹತ್ತು ನಿಮಿಷಗಳ ಕಪ್ಪು-ಬಿಳುಪು ಕಿರುಚಿತ್ರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಕಿರುಚಿತ್ರವೇ ಮುಂದೆ 2014ರ 'ದ ಬಾಬಾಡೂಕ್' ಎಂಬ ಪೂರ್ಣಪ್ರಮಾಣದ ಚಿತ್ರವಾಗಿ ಬೆಳೆಯಿತು. ಕುಟುಂಬವೊಂದು ಬಾಯಿಬಿಟ್ಟು ಹೇಳಿಕೊಳ್ಳಲಾರದ ನೋವು ಭೂತದ ರೂಪದಲ್ಲಿ ಮನೆಯೊಳಗೆ ಬಂದಾಗ ಅದನ್ನು ಏನು ಮಾಡಬೇಕು, ಓಡಿಸಬೇಕೆ, ಕೊಲ್ಲಬೇಕೆ ಅಥವಾ ಅದಕ್ಕೊಂದು ಸ್ಥಳ ಕೊಡಬೇಕೆ, ಎಂಬುದು ಈ ಚಿತ್ರಗಳ ಕೇಂದ್ರ ಸಮಸ್ಯೆ. ಇದು ನಮ್ಮ ಆಚರಣೆಗಳ ಸಮಸ್ಯೆಯೂ ಹೌದು. ಕ್ಷೇತ್ರಕಾರ್ಯದಲ್ಲಿ ಇಂತಹ ಕಥನಗಳನ್ನು ಕೇಳಿಸಿಕೊಳ್ಳುವ ನಮ್ಮ ಕ್ರಮಕ್ಕೂ ಇದು ಸಂಬಂಧಿಸಿದೆ ಎಂಬುದನ್ನು ಲೇಖನದ ಕೊನೆಯಲ್ಲಿ ಚರ್ಚಿಸಲಾಗಿದೆ.

2. ಕಿರುಚಿತ್ರದ ಸ್ವರೂಪ

ಜೆನಿಫರ್ ಕೆಂಟ್ ಮೂಲತಃ ನಟಿ. ಸಿಡ್ನಿಯ ರಾಷ್ಟ್ರೀಯ ನಾಟಕ ಸಂಸ್ಥೆಯಲ್ಲಿ ತರಬೇತಿ ಪಡೆದವರು. ನಿರ್ದೇಶನವನ್ನು ಕಲಿಯಬೇಕೆಂಬ ಹಂಬಲದಿಂದ ಡೆನ್ಮಾರ್ಕಿನ ನಿರ್ದೇಶಕ ಲಾರ್ಸ್ ಫಾನ್ ಟ್ರಿಯರ್ ಅವರಿಗೆ ಪತ್ರ ಬರೆದು, 2003ರಲ್ಲಿ ತೆರೆಕಂಡ 'ಡಾಗ್‌ವಿಲ್' ಚಿತ್ರದ ತಯಾರಿಕೆಯಲ್ಲಿ ಸಹಾಯಕಿಯಾಗಿ ಕೆಲಸ ಮಾಡಿದರು. ಅನಂತರ ಅವರು ಸಿದ್ಧಪಡಿಸಿದ್ದೇ 'ಮಾನ್‌ಸ್ಟರ್'.

ಇದರ ಹುಟ್ಟಿಗೆ ಕಾರಣವಾದ ಪ್ರಸಂಗವನ್ನು ಕೆಂಟ್ ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಅವರ ಗೆಳತಿಯೊಬ್ಬಳು ಒಂಟಿಯಾಗಿ ಮಗನನ್ನು ಸಾಕುತ್ತಿದ್ದಳು. ಆ ಹುಡುಗನಿಗೆ ಮನೆಯಲ್ಲೆಲ್ಲ ಒಂದು ವಿಕಾರ ಆಕೃತಿ ಕಾಣಿಸಿಕೊಂಡು ಹೆದರಿಸುತ್ತಿತ್ತು. ಅದು ನಿಜವಾಗಿಯೂ ಅಲ್ಲಿದ್ದರೆ ಏನಾಗಬಹುದು ಎಂಬ ಯೋಚನೆಯಿಂದ ಕಥೆ ಹುಟ್ಟಿತು. ಅಂದರೆ ಚಿತ್ರದ ಬೀಜವು ಯಾವುದೋ ಗ್ರಂಥದಿಂದ ಬಂದುದಲ್ಲ, ಗೆಳತಿಯಿಂದ ಗೆಳತಿಗೆ ಬಾಯಿಮಾತಿನಲ್ಲಿ ದಾಟಿದ ಅನುಭವದಿಂದ ಬಂದುದು.

ಕಿರುಚಿತ್ರದ ಕಥಾವಸ್ತು ಸರಳವಾದುದು. ಒಂದು ಮನೆ, ಒಬ್ಬ ತಾಯಿ, ಒಬ್ಬ ಮಗ. ಮಗನಿಗೆ ಒಂದು ಗೊಂಬೆಯನ್ನು ಕಂಡರೆ ಭಯ. ತಾಯಿ ಅದನ್ನು ನಂಬುವುದಿಲ್ಲ, ನಂಬುವಷ್ಟು ಪುರುಸೊತ್ತೂ ಅವಳಿಗಿಲ್ಲ. ಕೊನೆಗೆ ಮಗ ಹೇಳುತ್ತಿದ್ದುದು ಅವಳ ಕಣ್ಣಿಗೂ ಬೀಳುತ್ತದೆ. ಆಗ ಅವಳು ಪುರೋಹಿತರನ್ನೋ ಮಂತ್ರವಾದಿಗಳನ್ನೋ ಕರೆಯುವುದಿಲ್ಲ, ಆಯುಧ ಹಿಡಿಯುವುದಿಲ್ಲ. ಹಟಮಾರಿ ಮಗುವನ್ನು ಗದರಿಸುವ ದನಿಯಲ್ಲಿ ಅದನ್ನು ಗದರಿಸುತ್ತಾಳೆ. ಅದು ತನ್ನ ಜಾಗಕ್ಕೆ ಹಿಂದಿರುಗುತ್ತದೆ. ಇಲ್ಲಿ ಭೂತವು ನಾಶವಾಗುವುದಿಲ್ಲ ಎಂಬುದನ್ನು ಗಮನಿಸಬೇಕು. ಅದನ್ನು ಮನೆಯ ಶಿಸ್ತಿಗೆ ಒಳಪಡಿಸಲಾಗುತ್ತದೆ, ಅಷ್ಟೆ.

ನಮ್ಮಲ್ಲಿ ಇಂತಹ ಆಕೃತಿಗೆ 'ಗುಮ್ಮ' ಎಂಬ ಹೆಸರಿದೆ. ಗುಮ್ಮನಿಗೆ ಸ್ವತಂತ್ರವಾದ ಕಥೆ ಇಲ್ಲ. ಅವನು ಇರುವುದು ತಾಯಂದಿರ, ಅಜ್ಜಿಯರ ಬಾಯಲ್ಲಿ. ಊಟ ಮಾಡದ, ನಿದ್ದೆ ಮಾಡದ ಮಗುವಿನ ಬಳಿಗೆ ಅವನನ್ನು ಕರೆಯುವವಳು ತಾಯಿಯೇ. ಪುರಂದರದಾಸರದೆಂದು ಪ್ರಸಿದ್ಧವಾದ ಕೀರ್ತನೆಯೊಂದರಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನೇ ಬೇಡಿಕೊಳ್ಳುವುದು ಈ ಕಾರಣದಿಂದ. ಕೆಂಟ್ ಅವರ ಚಿತ್ರದಲ್ಲಿ ಈ ಸಂಬಂಧ ತಿರುಗುಮುರುಗಾಗಿದೆ. ಇಲ್ಲಿ ಗುಮ್ಮನ ವಿಷಯವನ್ನು ತಾಯಿಗೆ ತಿಳಿಸುವವನು ಮಗು, ಕೇಳಿಸಿಕೊಳ್ಳಲು ಒಲ್ಲದವಳು ತಾಯಿ. ಆದರೆ ಆಳದಲ್ಲಿ ಎರಡೂ ಒಂದೇ ಸತ್ಯವನ್ನು ಹೇಳುತ್ತವೆ. ಗುಮ್ಮನ ಬೇರು ತಾಯಿಯ ದಣಿವಿನಲ್ಲಿ, ಕೋಪದಲ್ಲಿ ಇದೆ ಎಂಬುದೇ ಆ ಸತ್ಯ.

3. ಅನುಭವ ಕಥನ ಮತ್ತು ಐತಿಹ್ಯ

ಭಯದ ಕಿರುಚಿತ್ರವು ಒಂದು ಪ್ರಕಾರವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ಜಾನಪದ ಶಾಸ್ತ್ರದ ಹಳೆಯ ವಿಂಗಡಣೆಯೊಂದು ನೆರವಾಗುತ್ತದೆ. ಸ್ವೀಡನ್ನಿನ ವಿದ್ವಾಂಸ ಕಾರ್ಲ್ ವಿಲ್‌ಹೆಲ್ಮ್ ಫಾನ್ ಸಿಡೋ ಅವರು 1930ರ ದಶಕದಲ್ಲಿ, ಅಲೌಕಿಕವನ್ನು ಸ್ವತಃ ಕಂಡವರು ಹೇಳುವ ಕಥನವನ್ನು 'ಮೆಮೊರಾಟ್' ಎಂದೂ, ಅದು ಹಲವರ ಬಾಯಲ್ಲಿ ಹಾದು ಆಕಾರಗೊಂಡ ಕಥನವನ್ನು 'ಫಾಬ್ಯುಲಾಟ್' ಎಂದೂ ವಿಂಗಡಿಸಿದರು. ಮೊದಲನೆಯದನ್ನು ಕನ್ನಡದಲ್ಲಿ ಅನುಭವ ಕಥನ ಎಂದು ಕರೆಯಬಹುದು. ಎರಡನೆಯದು ನಾವು ಐತಿಹ್ಯ ಎಂದು ಕರೆಯುವ ಪ್ರಕಾರಕ್ಕೆ ಹತ್ತಿರವಾದುದು.

ಫಿನ್ಲೆಂಡಿನ ಲೌರಿ ಹೊಂಕೊ ಅವರು 1964ರ ಪ್ರಸಿದ್ಧ ಲೇಖನದಲ್ಲಿ ಈ ವಿಚಾರವನ್ನು ಇನ್ನಷ್ಟು ಮುಂದಕ್ಕೆ ಒಯ್ದರು. ಇಂಗ್ರಿಯಾ ಪ್ರಾಂತದಲ್ಲಿ ಧಾನ್ಯ ಒಣಗಿಸುವ ಕೊಟ್ಟಿಗೆಯನ್ನು ಕಾಯುವ ಭೂತದ ಬಗೆಗಿನ ಕಥನಗಳನ್ನು ಅವರು ವಿಶ್ಲೇಷಿಸಿದರು. ಬೆಂಕಿ ಕಾಯುತ್ತಿದ್ದವನು ನಿದ್ದೆಹೋಗುತ್ತಾನೆ, ಯಾವುದೋ ಅವನನ್ನು ಎಬ್ಬಿಸುತ್ತದೆ. ಆ ಕ್ಷಣದಲ್ಲಿ ಅವನಿಗಾಗುವುದು ಹೆಸರಿಲ್ಲದ ಅನುಭವ ಮಾತ್ರ. ಅದು ಕೊಟ್ಟಿಗೆಯ ಭೂತವೇ ಎಂಬ ತೀರ್ಮಾನ ಅನಂತರದ್ದು. ಸಮುದಾಯದಲ್ಲಿ ಮೊದಲೇ ಇದ್ದ ತಿಳಿವಳಿಕೆ, ಅವನ ಮನಸ್ಸಿನಲ್ಲಿ ಆಗ ಇದ್ದ ಆತಂಕ, ತಪ್ಪು ಮಾಡಿದೆನೆಂಬ ಭಾವನೆ ಇವೆಲ್ಲ ಸೇರಿ ಆ ಅನುಭವಕ್ಕೆ ಹೆಸರು ಕೊಡುತ್ತವೆ.

ಈ ಬೆಳಕಿನಲ್ಲಿ ನೋಡಿದರೆ, ಭಯದ ಕಿರುಚಿತ್ರವು ಬಹುಮಟ್ಟಿಗೆ ಹೆಸರಿಡುವುದಕ್ಕೆ ಮುಂಚಿನ ಕ್ಷಣವನ್ನು ಹಿಡಿಯುವ ಪ್ರಕಾರವಾಗಿದೆ. ಸ್ವೀಡನ್ನಿನ ಡೇವಿಡ್ ಸ್ಯಾಂಡ್‌ಬರ್ಗ್ ಅವರ 2013ರ 'ಲೈಟ್ಸ್ ಔಟ್' ಮೂರು ನಿಮಿಷಕ್ಕೂ ಕಡಿಮೆ ಅವಧಿಯದು. ದೀಪ ಆರಿಸಿದಾಗ ಕಾಣುವ, ಹಾಕಿದಾಗ ಮಾಯವಾಗುವ ಒಂದು ಆಕೃತಿ, ಮನೆಯಲ್ಲಿ ಒಬ್ಬಳೇ ಇರುವ ಒಬ್ಬ ಹೆಂಗಸು. ಇಷ್ಟೇ ಅದರ ಸಾಮಗ್ರಿ. ಅರ್ಜೆಂಟೀನಾದ ಆಂಡ್ರೆಸ್ ಮುಶಿಯೆತ್ತಿ ಅವರ 2008ರ 'ಮಾಮಾ' ಕಿರುಚಿತ್ರವೂ ಹಾಗೆಯೇ. ಅಮ್ಮ ಹಿಂದಿರುಗಿದ್ದಾಳೆಂದು ಒಬ್ಬ ಹುಡುಗಿ ಇನ್ನೊಬ್ಬಳನ್ನು ಎಬ್ಬಿಸುತ್ತಾಳೆ. ಆ ಅಮ್ಮ ಯಾರು, ಎಲ್ಲಿಂದ ಬಂದಳು ಎಂಬ ವಿವರಣೆ ಅಲ್ಲಿಲ್ಲ.

ಕುತೂಹಲದ ಸಂಗತಿಯೆಂದರೆ, ಈ ಮೂರೂ ಕಿರುಚಿತ್ರಗಳು ಅದೇ ನಿರ್ದೇಶಕರ ಕೈಯಲ್ಲಿಯೇ ಪೂರ್ಣಪ್ರಮಾಣದ ಚಿತ್ರಗಳಾದವು: 'ಮಾಮಾ' 2013ರಲ್ಲಿ, 'ದ ಬಾಬಾಡೂಕ್' 2014ರಲ್ಲಿ, 'ಲೈಟ್ಸ್ ಔಟ್' 2016ರಲ್ಲಿ. ಅವಧಿ ಹಿಗ್ಗಿದಾಗ ಭಯಕ್ಕೊಂದು ಕಾರಣ ಬೇಕಾಯಿತು. ಮೂರರಲ್ಲಿಯೂ ಆ ಕಾರಣವನ್ನು ಒದಗಿಸಿದ್ದು ಕುಟುಂಬದ ಹಳೆಯ ಗಾಯವೇ. 'ಲೈಟ್ಸ್ ಔಟ್' ಕಿರುಚಿತ್ರದಲ್ಲಿ ಕುಟುಂಬವೇ ಇರಲಿಲ್ಲ. ಪೂರ್ಣ ಚಿತ್ರದಲ್ಲಿ ಖಿನ್ನತೆಯಿಂದ ನರಳುವ ತಾಯಿ, ಮನೆ ಬಿಟ್ಟುಹೋದ ಮಗಳು, ನಿದ್ದೆಯಿಲ್ಲದ ಚಿಕ್ಕ ಮಗ ಬಂದರು. ಅನುಭವ ಕಥನವು ಐತಿಹ್ಯವಾಗುವಾಗ ನಮ್ಮ ಹಳ್ಳಿಗಳಲ್ಲಿಯೂ ನಡೆಯುವುದು ಇದೇ. ಏನೋ ಕಂಡಿತು ಎನ್ನುವ ಮಾತು ಎರಡನೆಯ ಬಾಯಿಗೆ ಹೋಗುವಷ್ಟರಲ್ಲಿ ಇಂಥವರ ಮನೆಯಲ್ಲಿ ಹೀಗೆ ಸತ್ತವಳು ಎಂದು ತಿರುಗುತ್ತದೆ.

4. ಬಾಬಾಡೂಕ್: ಹೆಸರು ಮತ್ತು ಕಾರಣ

ಪೂರ್ಣ ಚಿತ್ರದ ಆಕೃತಿಗೆ ಹೆಸರನ್ನು ಹುಡುಕುವಾಗ ಕೆಂಟ್ ಅವರಿಗೆ ನೆರವಾದುದು ಸರ್ಬಿಯನ್ ಭಾಷೆಯ 'ಬಾಬಾರೋಗಾ' ಎಂಬ ಪದ. ಮಕ್ಕಳನ್ನು ಹೆದರಿಸಲು ಬಳಸುವ, ಕೊಂಬುಳ್ಳ ಮುದುಕಿಯ ಹೆಸರು ಅದು. 'ಬಾಬಾ' ಎಂದರೆ ಮುದುಕಿ, 'ರೋಗ್' ಎಂದರೆ ಕೊಂಬು. ಆಕೃತಿಯ ಟೋಪಿ, ಕೋಟು, ಮುಖಭಾವಗಳಿಗೆ 1927ರ 'ಲಂಡನ್ ಆಫ್ಟರ್ ಮಿಡ್‌ನೈಟ್' ಎಂಬ, ಈಗ ಪ್ರತಿ ಉಳಿಯದ ಮೂಕಿ ಚಿತ್ರದಲ್ಲಿ ಲಾನ್ ಚೇನಿ ಧರಿಸಿದ ವೇಷವು ಪ್ರೇರಣೆಯಾಯಿತು. ಹೀಗೆ ಬಾಲ್ಕನ್ ನಾಡಿನ ಗುಮ್ಮನ ಹೆಸರು, ಅಮೆರಿಕದ ಮೂಕಿ ಚಿತ್ರದ ವೇಷ, ಆಸ್ಟ್ರೇಲಿಯಾದ ಒಂದು ಮನೆಯ ಅನುಭವ ಮೂರೂ ಕೂಡಿ ಹೊಸ ಭೂತವೊಂದು ಸಿದ್ಧವಾಯಿತು.

ಅಡಿಲೇಡ್ ನಗರದಲ್ಲಿ ಚಿತ್ರಿತವಾದ ಈ ಚಿತ್ರ 2014ರ ಜನವರಿಯಲ್ಲಿ ಸನ್‌ಡಾನ್ಸ್ ಉತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ಅದರ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವುದು ಅವಶ್ಯ. ಅಮೀಲಿಯಾ ವೃದ್ಧರ ಆರೈಕೆ ಮಾಡುವ ಸಂಸ್ಥೆಯೊಂದರಲ್ಲಿ ದುಡಿಯುವವಳು. ಅವಳನ್ನು ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ಯುವಾಗ ಅಪಘಾತವಾಗಿ ಗಂಡ ಆಸ್ಕರ್ ಸತ್ತಿದ್ದಾನೆ. ಮಗ ಸ್ಯಾಮ್ಯುಯೆಲ್ ಹುಟ್ಟಿದ ದಿನವೂ ತಂದೆ ಸತ್ತ ದಿನವೂ ಒಂದೇ. ಆದ್ದರಿಂದ ಆ ಮನೆಯಲ್ಲಿ ಮಗನ ಹುಟ್ಟುಹಬ್ಬವನ್ನು ಆ ದಿನ ಆಚರಿಸುವುದಿಲ್ಲ. ಗಂಡನ ಹೆಸರನ್ನು ಎತ್ತುವಂತಿಲ್ಲ. ಅವನ ಬಟ್ಟೆಬರೆಗಳೆಲ್ಲ ನೆಲಮಾಳಿಗೆಯಲ್ಲಿ ಬೀಗದೊಳಗಿವೆ.

ಒಂದು ರಾತ್ರಿ ಮಗ ಕಪಾಟಿನಿಂದ ತೆಗೆದ ಕಥೆ ಪುಸ್ತಕದಿಂದ ಬಾಬಾಡೂಕ್ ಮನೆಯನ್ನು ಹೊಗುತ್ತದೆ. ತಾಯಿ ಪುಸ್ತಕವನ್ನು ಹರಿದುಹಾಕುತ್ತಾಳೆ. ಅದು ಅಂಟಿಸಿಕೊಂಡು ಬಾಗಿಲಿಗೆ ಬರುತ್ತದೆ. ಈ ಸಲ ಅದರಲ್ಲಿ ಹೊಸ ಪುಟಗಳಿರುತ್ತವೆ. ತಾಯಿಯೇ ಸಾಕುನಾಯಿಯನ್ನೂ ಮಗನನ್ನೂ ಕೊಂದು ತಾನೂ ಸಾಯುವ ಚಿತ್ರಗಳು ಆ ಪುಟಗಳಲ್ಲಿವೆ. ಇಲ್ಲಿಂದ ಮುಂದೆ ಭಯದ ಕೇಂದ್ರ ಭೂತದಿಂದ ತಾಯಿಗೆ ಸರಿಯುತ್ತದೆ. ನಾಯಿಯನ್ನು ಅವಳು ಕೊಂದೇಬಿಡುತ್ತಾಳೆ, ಮಗನ ಕುತ್ತಿಗೆಗೂ ಕೈಹಾಕುತ್ತಾಳೆ. ಮಗ ಅವಳ ಕೆನ್ನೆಯನ್ನು ಸವರಿದಾಗ ಅವಳ ಹಿಡಿತ ಸಡಿಲುತ್ತದೆ.

ಸಿಗ್ಮಂಡ್ ಫ್ರಾಯ್ಡ್ ಅವರು 1919ರ ಪ್ರಬಂಧವೊಂದರಲ್ಲಿ, ವಿಲಕ್ಷಣ ಭಯವನ್ನು ಸೂಚಿಸುವ ಜರ್ಮನ್ ಪದದೊಳಗೆ 'ಮನೆ' ಎಂಬ ಅರ್ಥದ ಧಾತುವೇ ಅಡಗಿರುವುದನ್ನು ಎತ್ತಿ ತೋರಿಸಿದ್ದರು. ಹೆಚ್ಚು ಹೆದರಿಸುವುದು ಅಪರಿಚಿತವಲ್ಲ, ಪರಿಚಿತವಾಗಿದ್ದು ಅದುಮಲ್ಪಟ್ಟದ್ದು ಎಂಬುದು ಅವರ ವಿಚಾರ. ಅಮೀಲಿಯಾಳ ನೆಲಮಾಳಿಗೆ ಈ ವಿಚಾರಕ್ಕೆ ಒಳ್ಳೆಯ ನಿದರ್ಶನ. ಅವಳು ಅಲ್ಲಿ ಬಚ್ಚಿಟ್ಟಿರುವುದು ಗಂಡನ ನೆನಪನ್ನು ಮಾತ್ರವಲ್ಲ. ಈ ಮಗು ಹುಟ್ಟದಿದ್ದರೆ ಗಂಡ ಬದುಕಿರುತ್ತಿದ್ದ ಎಂಬ, ತಾಯಿಯೊಬ್ಬಳು ತನಗೆ ತಾನೇ ಹೇಳಿಕೊಳ್ಳಲಾಗದ ಯೋಚನೆಯನ್ನೂ ಅವಳು ಅಲ್ಲಿಟ್ಟು ಬೀಗ ಹಾಕಿದ್ದಾಳೆ.

5. ಮೂರು ಮುಕ್ತಾಯಗಳು

ಮೂರು ಕಿರುಚಿತ್ರಗಳಿಂದ ಬೆಳೆದ ಮೂರು ಪೂರ್ಣ ಚಿತ್ರಗಳ ಮುಕ್ತಾಯಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಕುಟುಂಬವು ತನ್ನ ಭೂತದೊಡನೆ ವ್ಯವಹರಿಸುವ ಮೂರು ಬೇರೆಬೇರೆ ದಾರಿಗಳು ಕಾಣಿಸುತ್ತವೆ.

ಮೊದಲನೆಯದು 'ಲೈಟ್ಸ್ ಔಟ್' ಚಿತ್ರದ ದಾರಿ. ಅಲ್ಲಿ ಡಯಾನಾ ಎಂಬ ಭೂತದ ಅಸ್ತಿತ್ವ ತಾಯಿ ಸೋಫಿಯ ಮನಸ್ಸಿಗೆ ಅಂಟಿಕೊಂಡಿದೆ. ಮಕ್ಕಳನ್ನು ಉಳಿಸಲು ತಾಯಿ ತನ್ನನ್ನೇ ಕೊಂದುಕೊಳ್ಳುತ್ತಾಳೆ, ಭೂತವೂ ಅಳಿಯುತ್ತದೆ. ಕಥೆಯ ತರ್ಕಕ್ಕೆ ಇದು ಹೊಂದುತ್ತದೆ. ಆದರೆ ಮಾನಸಿಕ ರೋಗಿಯ ಸಾವೇ ಕುಟುಂಬಕ್ಕೆ ಬಿಡುಗಡೆ ಎಂಬ ಅರ್ಥ ಹೊರಡುವುದರಿಂದ ಈ ಮುಕ್ತಾಯ ತೀವ್ರ ಆಕ್ಷೇಪಕ್ಕೆ ಗುರಿಯಾಯಿತು. ಆ ಆಕ್ಷೇಪ ನ್ಯಾಯವಾದುದೇ. ರೋಗವನ್ನೂ ರೋಗಿಯನ್ನೂ ಒಂದೆಂದು ಭಾವಿಸುವ ಸಮಾಜದಲ್ಲಿ ಇಂತಹ ಮುಕ್ತಾಯವು ಕೇವಲ ಕಥೆಯಾಗಿ ಉಳಿಯುವುದಿಲ್ಲ.

ಎರಡನೆಯದು 'ಮಾಮಾ' ಚಿತ್ರದ್ದು. ತಾಯಿಯನ್ನು ಕೊಂದು ತಮ್ಮನ್ನೂ ಕೊಲ್ಲಹೊರಟ ತಂದೆಯಿಂದ ಇಬ್ಬರು ಹುಡುಗಿಯರನ್ನು ಉಳಿಸಿ ಕಾಡಿನ ಮನೆಯಲ್ಲಿ ಸಾಕಿದ್ದು ಒಂದು ಪ್ರೇತ. ಕೂಸಿನೊಡನೆ ಬಂಡೆಯ ಮೇಲಿಂದ ಹಾರಿ ಸತ್ತ ಹೆಂಗಸು ಅವಳು. ಕೊನೆಯಲ್ಲಿ ಅವಳ ಕೂಸಿನ ಎಲುಬುಗಳನ್ನು ಅವಳಿಗೆ ಹಿಂದಿರುಗಿಸಲಾಗುತ್ತದೆ. ಸ್ಟಿತ್ ಥಾಂಪ್ಸನ್ ಅವರ ಆಶಯ ಸೂಚಿಯಲ್ಲಿ ಸತ್ತವರಿಗೆ ಮೀಸಲಾದ 'ಇ' ವಿಭಾಗವನ್ನು ಬಲ್ಲವರಿಗೆ ಇದು ಚಿರಪರಿಚಿತವಾದ ಪರಿಹಾರ. ಕಳೆದುಹೋದುದನ್ನು ಕೊಟ್ಟರೆ ಪ್ರೇತ ಶಾಂತವಾಗಬೇಕು. ಆದರೆ ಇಲ್ಲಿ ಅದು ಪೂರ್ಣವಾಗಿ ಫಲಿಸುವುದಿಲ್ಲ. ತನ್ನನ್ನು ಅಮ್ಮ ಎಂದು ಬಲ್ಲ ಕಿರಿಯ ಹುಡುಗಿಯ ಕೂಗು ಕೇಳಿ ಪ್ರೇತವು ಎಲುಬುಗಳನ್ನು ಬಿಟ್ಟುಬಿಡುತ್ತದೆ. ಕಿರಿಯವಳು ಅದರೊಡನೆ ಹೋಗುತ್ತಾಳೆ, ಹಿರಿಯವಳು ಉಳಿಯುತ್ತಾಳೆ. ನೋವು ಕುಟುಂಬವನ್ನು ಪಾಲುಮಾಡಿಕೊಳ್ಳುತ್ತದೆ.

ಮೂರನೆಯದು 'ದ ಬಾಬಾಡೂಕ್' ಚಿತ್ರದ್ದು. ಅಮೀಲಿಯಾ ಎದುರು ನಿಂತು ಗದರಿಸಿದಾಗ ಭೂತ ಕುಸಿದು ನೆಲಮಾಳಿಗೆಗೆ ಓಡುತ್ತದೆ. ಅನಂತರದ ದೃಶ್ಯದಲ್ಲಿ ತಾಯಿಮಕ್ಕಳು ತೋಟದಲ್ಲಿ ಎರೆಹುಳುಗಳನ್ನು ಆಯುತ್ತಾರೆ. ಅವಳು ಬಟ್ಟಲನ್ನು ಹಿಡಿದು ಕೆಳಗಿಳಿದು, ಕತ್ತಲಲ್ಲಿ ಅಬ್ಬರಿಸುವ ಅದನ್ನು ಸಮಾಧಾನಪಡಿಸಿ, ಆಹಾರವನ್ನಿಟ್ಟು ಮೇಲೆ ಬರುತ್ತಾಳೆ. ಅಂದು ಮಗನ ಹುಟ್ಟುಹಬ್ಬ. ಮೊತ್ತಮೊದಲ ಬಾರಿಗೆ ಅದೇ ದಿನ ಆಚರಿಸುತ್ತಿದ್ದಾರೆ. ಇಲ್ಲಿ ಗದರಿಕೆಯ ಸಂಬಂಧದೊಡನೆ ದಿನನಿತ್ಯದ ಪೋಷಣೆಯೊಂದೂ ಸೇರಿದೆ.

ತರಗತಿಯಲ್ಲಿ ಈ ಚಿತ್ರದ ಬಗ್ಗೆ ಚರ್ಚೆ ನಡೆದಾಗ ವಿದ್ಯಾರ್ಥಿಯೊಬ್ಬರು, ಅದನ್ನು ಪೂರ್ತಿ ಓಡಿಸಬಹುದಾಗಿದ್ದಾಗ ಯಾಕೆ ಉಳಿಸಿಕೊಂಡರು ಎಂದು ಕೇಳಿದರು. ಈ ಪ್ರಶ್ನೆಗೆ ಉತ್ತರವನ್ನು ಮನೋವಿಜ್ಞಾನದಲ್ಲಿ ಹುಡುಕುವುದು ರೂಢಿ. ದುಃಖವನ್ನು ಅಳಿಸಲಾಗದು, ಅದರೊಡನೆ ಬದುಕಬೇಕು ಎನ್ನಲಾಗುತ್ತದೆ. ಅದು ಸರಿಯೇ. ಆದರೆ ಜಾನಪದ ಅಧ್ಯಯನವು ಇದಕ್ಕೆ ಬೇರೊಂದು ಉತ್ತರವನ್ನೂ ಕೊಡಬಲ್ಲದು.

6. ಹೊರಗಿನ ಭೂತ ಮತ್ತು ಒಳಗಿನ ಭೂತ

ಜನಪದರು ಭೂತಗಳನ್ನು ಹೊರಗಿನವು, ಒಳಗಿನವು ಎಂದು ಸ್ಪಷ್ಟವಾಗಿ ಬೇರ್ಪಡಿಸುತ್ತಾರೆ. 1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಊರುಗಳಲ್ಲಿ ಮನೆಯ ಬಾಗಿಲಿನ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದುದು ಹಲವರ ನೆನಪಿನಲ್ಲಿರಬಹುದು. ಪರಿಚಿತರ ದನಿಯಲ್ಲಿ ಕೂಗಿ ಬಾಗಿಲು ತೆರೆಸುವ ಮೋಹಿನಿಯನ್ನು ಹೀಗೆ ದಿನವೂ ಮುಂದೂಡಲಾಗುತ್ತಿತ್ತು. ಹೊರಗಿನ ಭೂತಕ್ಕೆ ಮುಂದೂಡಿಕೆಯೇ ಮದ್ದು.

ಒಳಗಿನ ಭೂತಕ್ಕೆ ಈ ಮದ್ದು ನಾಟುವುದಿಲ್ಲ. ಅದು ಮನೆಯ ಸಂಬಂಧಿ. ಅದಕ್ಕೆ ಬೇಕಾದುದು ಎಡೆ. ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆಯಿಡುವ ಪದ್ಧತಿಯಲ್ಲಾಗಲಿ, ಮದುವೆಗೆ ಮುಂಚೆ ತೀರಿಕೊಂಡ ಮಕ್ಕಳಿಗೆ ತುಳುನಾಡಿನ ಕೆಲವು ಸಮುದಾಯಗಳಲ್ಲಿ ಮಾಡುವ ಕುಲೆ ಮದುವೆಯಲ್ಲಾಗಲಿ, ಕಾಣುವುದು ಒಂದೇ ತಿಳಿವಳಿಕೆ. ಸತ್ತವರ ಬಾಕಿ ಮನೆಯವರ ಮೇಲಿದೆ. ಅದನ್ನು ಗೊತ್ತಾದ ದಿನ, ಗೊತ್ತಾದ ಜಾಗದಲ್ಲಿ ಸಲ್ಲಿಸಿದರೆ ಉಳಿದ ದಿನಗಳು ಬದುಕಿರುವವರ ಪಾಲಿಗೆ ಬರುತ್ತವೆ.

ಅಮೀಲಿಯಾ ಏಳು ವರ್ಷ ಮಾಡಿದ ತಪ್ಪನ್ನು ಈ ದೃಷ್ಟಿಯಿಂದ ಹೇಳುವುದಾದರೆ, ಅವಳು ಒಳಗಿನ ಭೂತಕ್ಕೆ 'ನಾಳೆ ಬಾ' ಎಂದು ಬರೆದಳು. ಮಗನ ಹುಟ್ಟುಹಬ್ಬವನ್ನು ಮುಂದೂಡುತ್ತ ಹೋದಳು. ಎರೆಹುಳುಗಳ ಬಟ್ಟಲು ಅವಳು ಇಟ್ಟ ಮೊದಲ ಎಡೆ. ಈ ಚಿತ್ರದ ಮೇಲೆ ಭಾರತೀಯ ಆಚರಣೆಗಳ ಪ್ರಭಾವವಿದೆ ಎಂದು ಇಲ್ಲಿ ಹೇಳುತ್ತಿಲ್ಲ. ಅಂತಹ ಯಾವ ಆಧಾರವೂ ಇಲ್ಲ. ಸತ್ತವರಿಗಾಗಿ ಏನು ಮಾಡಬೇಕೆಂಬ ಆಚರಣೆ ಕೈಬಿಟ್ಟುಹೋದ ನಗರದ ಒಂಟಿ ಮನೆಯೊಂದು, ತನಗೆ ಬೇಕಾದ ಆಚರಣೆಯನ್ನು ತಾನೇ ಕಟ್ಟಿಕೊಳ್ಳುವ ಕಥೆಯಾಗಿ ಇದನ್ನು ಓದಬಹುದು ಎಂಬುದಷ್ಟೇ ಇಲ್ಲಿನ ಸೂಚನೆ.

7. ಸಿರಿ ಜಾತ್ರೆಯ ನಿದರ್ಶನ

ಅನುಭವ ಕಥನದ ಸಿದ್ಧಾಂತವನ್ನು ರೂಪಿಸಿದ ಲೌರಿ ಹೊಂಕೊ ಅವರೇ ಮುಂದೆ ತುಳುನಾಡಿಗೆ ಬಂದು ಸಿರಿ ಪಾಡ್ದನವನ್ನು ಅಧ್ಯಯನ ಮಾಡಿದರು ಎಂಬುದು ನಮ್ಮ ಚರ್ಚೆಗೆ ಅನುಕೂಲವಾದ ಸಂಗತಿ. ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರ ಸಹಯೋಗದಲ್ಲಿ 1990ರಲ್ಲಿ ಗೋಪಾಲ ನಾಯ್ಕರಿಂದ ದಾಖಲಿಸಿದ 15,683 ಸಾಲುಗಳ ಪಠ್ಯವು 1998ರಲ್ಲಿ ಪ್ರಕಟವಾಯಿತು.

ಸಿರಿಯ ಕಥೆ ತಲೆಮಾರುಗಳುದ್ದಕ್ಕೂ ಹರಿಯುವ ಕುಟುಂಬದ ನೋವಿನ ಕಥೆ. ಗರ್ಭಿಣಿಯ ಬಯಕೆಗೆಂದು ತಂದ ಸೀರೆಯನ್ನು ಗಂಡ ಕಾಂತು ಪೂಂಜ ಮೊದಲು ಸೂಳೆಗೆ ಉಡಿಸಿದನೆಂದು ತಿಳಿದ ಸಿರಿ ಅದನ್ನು ಮುಟ್ಟುವುದಿಲ್ಲ. ಅವಳು ಗಂಡನಿಂದ ಬಿಡುಗಡೆ ಪಡೆದು ಹೊರಡುತ್ತಾಳೆ. ಅವಳ ಮಗ ಕುಮಾರ, ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ, ದಾರಗರು ಚೆನ್ನೆಮಣೆಯ ಆಟದಲ್ಲಿ ಜಗಳವಾಡುತ್ತಾರೆ. ಒಬ್ಬಳು ಮಣೆಯಿಂದ ಇನ್ನೊಬ್ಬಳನ್ನು ಹೊಡೆದು ಕೊಂದು ತಾನೂ ಬಾವಿಗೆ ಬೀಳುತ್ತಾಳೆ.

ಕವತ್ತಾರು, ಹಿರಿಯಡ್ಕ, ನಂದಳಿಕೆ ಮೊದಲಾದ ಕಡೆ ನಡೆಯುವ ಸಿರಿ ಜಾತ್ರೆಯಲ್ಲಿ ಹಿಂಗಾರ ಹಿಡಿದ ಹೆಂಗಸರು ಆವೇಶಗೊಳ್ಳುತ್ತಾರೆ. ಅವರಲ್ಲಿ ಮನೆಯ ತೊಂದರೆಗಳಿಂದ ಬಳಲಿ, ಮೊದಲ ಸಲ ಅಲ್ಲಿಗೆ ಬಂದವರೂ ಇರುತ್ತಾರೆ. ಕುಮಾರನ ಆವೇಶಗೊಂಡ ಪಾತ್ರಿಯು ಅಂತಹವಳನ್ನು ನೀನು ಯಾರು ಎಂದು ಮತ್ತೆಮತ್ತೆ ಕೇಳುತ್ತಾನೆ. ಅವಳು ಸಿರಿಯ ಕುಟುಂಬದ ಒಬ್ಬಳ ಹೆಸರನ್ನು ಹೇಳಿದಾಗ ಅವಳ ನೋವಿಗೆ ಒಂದು ಹೆಸರೂ ಒಂದು ಬಳಗವೂ ದೊರೆಯುತ್ತವೆ. ಅವಳ ಮೈಮೇಲೆ ಬಂದ ಶಕ್ತಿಯನ್ನು ಹೊಡೆದೋಡಿಸುವುದು ಇಲ್ಲಿಯ ಗುರಿಯಲ್ಲ. ವರ್ಷಕ್ಕೊಮ್ಮೆ ಬಂದು ಹೋಗುವ ಗೌರವದ ಸ್ಥಾನ ಅದಕ್ಕೆ ಸಿಗುತ್ತದೆ.

ಕೆಂಟ್ ಅವರ ಚಿತ್ರಕ್ಕೂ ಸಿರಿ ಜಾತ್ರೆಗೂ ಇರುವ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ವ್ಯತ್ಯಾಸ ಅದಕ್ಕಿಂತ ದೊಡ್ಡದು. ಜಾತ್ರೆಯಲ್ಲಿ ನೊಂದವಳ ಸುತ್ತ ಅವಳಂತೆಯೇ ನೊಂದ ನೂರಾರು ಹೆಂಗಸರಿದ್ದಾರೆ, ಸಂಧಿಯ ಹಾಡಿದೆ, ಅವಳ ಮನೆಯವರು ಸಾಕ್ಷಿಗಳಾಗಿ ನಿಂತಿದ್ದಾರೆ. ಅಮೀಲಿಯಾಳಿಗೆ ಇರುವವರು ಆರು-ಏಳು ವರ್ಷದ ಮಗ ಮತ್ತು ಪಕ್ಕದ ಮನೆಯ ಮುದುಕಿ ಮಾತ್ರ. ಸ್ವಂತ ತಂಗಿಯೇ ಅವಳಿಂದ ದೂರವಾಗುತ್ತಾಳೆ. ಕಿರುಚಿತ್ರದಲ್ಲಂತೂ ತಾಯಿಯ ಗದರಿಕೆಯ ಹೊರತು ಬೇರೆ ಆಸರೆಯೇ ಇಲ್ಲ. ಮನೆಯ ನೋವಿನ ಭಾರವೆಲ್ಲ ಒಬ್ಬ ತಾಯಿಯ ಮೇಲೂ ಒಂದು ಮಗುವಿನ ಮೇಲೂ ಬಿದ್ದಾಗ ಏನಾಗುತ್ತದೆ ಎಂಬುದೇ ಈ ಚಿತ್ರಗಳ ನಿಜವಾದ ಭಯಾನಕ ಸಂಗತಿ.

8. ಎರಡು ಎಚ್ಚರಗಳು

ಇಲ್ಲಿ ಎರಡು ಎಚ್ಚರಗಳು ಅವಶ್ಯ. ಒಂದು, ಆಚರಣೆಯನ್ನು ಹೊಗಳುವ ಭರದಲ್ಲಿ ಅದರ ಮಿತಿಯನ್ನು ಮರೆಯಬಾರದು. ಆವೇಶ ಇಳಿದ ಮೇಲೆ ಹೆಂಗಸು ಹಿಂದಿರುಗುವುದು ಅದೇ ಮನೆಗೆ. ಅವಳ ನೋವಿಗೆ ಕಾರಣನಾದವನೂ ಅಲ್ಲಿಯೇ ಇರಬಹುದು. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವ, ಬರೆಹಾಕುವ ಕ್ರೌರ್ಯ ನಮ್ಮಲ್ಲಿ ನಡೆದಿದೆ. ಕರ್ನಾಟಕ ವಿಧಾನಮಂಡಲವು 2017ರಲ್ಲಿ ಅಂಗೀಕರಿಸಿದ, 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯಿದೆಯು ಇಂತಹ ಹಿಂಸೆಯನ್ನು ಅಪರಾಧವೆಂದು ಸಾರಿದೆ. ಎಡೆಯಿಡುವುದಕ್ಕೂ ಹೊಡೆಯುವುದಕ್ಕೂ ಇರುವ ಅಂತರವನ್ನು ವಿದ್ವಾಂಸರು ಸ್ಪಷ್ಟವಾಗಿ ಹೇಳಬೇಕು. ಖಿನ್ನತೆಗೆ ವೈದ್ಯರ ನೆರವು ಬೇಕೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಎರಡು, ಭೂತವನ್ನು ರೂಪಕವೆಂದು ಕರೆದು ಕೈತೊಳೆದುಕೊಳ್ಳಬಾರದು. ಬಾಬಾಡೂಕ್ ಎಂದರೆ ದುಃಖ ಎಂದು ಹೇಳಿದ ಕೂಡಲೇ ಚಿತ್ರ ಮುಗಿದಂತೆ ಆಗುತ್ತದೆ. ಆದರೆ ಮಗುವಿಗೆ ಅದು ರೂಪಕವಲ್ಲ. ಎಡೆಯಿಡುವ ಅಜ್ಜಿಗೂ ಅಲ್ಲ.

9. ಸಮಾರೋಪ

ಈ ಎರಡನೆಯ ಎಚ್ಚರವನ್ನು ನಾನು ಕಲಿತದ್ದು ನನ್ನ ತಪ್ಪಿನಿಂದ. ಸಂಶೋಧನ ವಿದ್ಯಾರ್ಥಿಯಾಗಿದ್ದಾಗ ಕೊಪ್ಪಳ ಸೀಮೆಯ ಹಳ್ಳಿಯೊಂದರಲ್ಲಿ ಭೂತಗಳ ಬಗೆಗಿನ ನಂಬಿಕೆಗಳನ್ನು ಸಂಗ್ರಹಿಸುತ್ತಿದ್ದೆ. ಒಂದು ಮನೆಯ ಪಡಸಾಲೆಯಲ್ಲಿ, ಕಾಳು ತುಂಬುವುದನ್ನು ಎಂದೋ ನಿಲ್ಲಿಸಿ ಚಪ್ಪಡಿ ಮುಚ್ಚಿದ ಹಗೇವೊಂದಿತ್ತು. ಅದರ ಮೇಲೆ ನಾನು ಕಾಲಿಡುವಷ್ಟರಲ್ಲಿ ಮನೆಯ ಹಿರಿಯ ಹೆಂಗಸು ತಡೆದು, "ಅಲ್ಲಿ ಕಾಲಿಡಬ್ಯಾಡ ತಮ್ಮಾ, ಅದು ಮಲಗೈತಿ" ಎಂದರು. ಅಮಾವಾಸ್ಯೆಗೊಮ್ಮೆ ಅಲ್ಲಿ ದೀಪವಿಟ್ಟು ಒಂದು ತುತ್ತು ಅನ್ನ ಇಡುತ್ತೇನೆಂದೂ ಹೇಳಿದರು. ನಾನು ಚೀಟಿಯಲ್ಲಿ 'ಹಗೇವಿನ ಭೂತ, ಅಮಾವಾಸ್ಯೆಯ ಎಡೆ, ನಂಬಿಕೆ' ಎಂದು ಬರೆದುಕೊಂಡೆ. 'ಅದು' ಎಂದರೆ ಯಾರು ಎಂದು ಕೇಳಲಿಲ್ಲ.

ಕೆಲವು ವರ್ಷಗಳ ಅನಂತರ ಅದೇ ಊರಿಗೆ ಹೋದಾಗ ಆ ಅಜ್ಜಿ ತೀರಿಕೊಂಡಿದ್ದರು. ಸೊಸೆ ಹೇಳಿದ ಮೇಲೆ ತಿಳಿಯಿತು. ಕಾಳು ತೆಗೆಯಲೆಂದು ಇಳಿಸಿದ ಅಜ್ಜಿಯ ಸಣ್ಣ ಮಗ ಒಳಗೆ ಉಸಿರುಗಟ್ಟಿ ಸತ್ತಿದ್ದ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆಂದು ಬಲ್ಲ ಹಿರಿಯರು ಅಂದು ಮನೆಯಲ್ಲಿರಲಿಲ್ಲ. ಇಳಿ ಎಂದು ಹೇಳಿದವರು ತಾಯಿಯೇ. ಅಂದಿನಿಂದ ಆ ಮಗುವಿನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ತಿಂಗಳಿಗೊಮ್ಮೆ ಇಡುತ್ತಿದ್ದ ಆ ತುತ್ತೇ ಅವರಿಗೆ ಉಳಿದಿದ್ದ ಮಾತು. ಅಜ್ಜಿಯ ಬಳಿಕ ಸೊಸೆ ಅದನ್ನು ಮುಂದುವರಿಸಿದ್ದರು.

ನನ್ನ ಚೀಟಿ ಸುಳ್ಳಾಗಿರಲಿಲ್ಲ, ಆದರೆ ಅದರಲ್ಲಿ ಮಗುವಿಗೆ ಜಾಗವಿರಲಿಲ್ಲ. 'ಮಾನ್‌ಸ್ಟರ್' ಕಿರುಚಿತ್ರದ ತಾಯಿ ಮಗನ ಮಾತನ್ನು ಕೇಳಿಸಿಕೊಳ್ಳದೆ ಹೋದಂತೆಯೇ ನಾನೂ ಹೋಗಿದ್ದೆ. ಹೊಂಕೊ ಅವರ ವಿಶ್ಲೇಷಣೆಯಿಂದ ನಾವು ಪಡೆಯಬೇಕಾದ ಪಾಠವೂ ಇದೇ. ಭೂತಕ್ಕೆ ಹೆಸರಿಡುವ ಮುಂಚೆ ಅದನ್ನು ಕಂಡವರ ಮನಸ್ಸಿನಲ್ಲಿ ಆಗ ಏನಿತ್ತು ಎಂದು ಕೇಳಬೇಕು. ಹೇಳಲು ಅವರಿಗೆ ಇಷ್ಟವಿಲ್ಲದಿದ್ದರೆ ಒತ್ತಾಯಿಸದೆ ಕಾಯಬೇಕು.

ಒಟ್ಟಿನಲ್ಲಿ ಹೇಳುವುದಾದರೆ, ಹತ್ತು ನಿಮಿಷಗಳ ಈ ಕಿರುಚಿತ್ರ ಮತ್ತು ಅದರಿಂದ ಬೆಳೆದ ಚಿತ್ರವು ಜಾನಪದ ಅಧ್ಯಯನಕ್ಕೆ ಮೂರು ಬಗೆಯಲ್ಲಿ ಉಪಯುಕ್ತವಾಗಿವೆ. ಅನುಭವ ಕಥನವು ಐತಿಹ್ಯವಾಗಿ ಬೆಳೆಯುವ ಕ್ರಮವನ್ನು ಅವು ನಮ್ಮ ಕಣ್ಣೆದುರೇ ತೋರಿಸುತ್ತವೆ. ಆಚರಣೆಯ ಆಸರೆ ತಪ್ಪಿದ ಮನೆಯಲ್ಲಿ ಅದರ ಅಗತ್ಯ ಹೇಗೆ ಮತ್ತೆ ತಲೆಯೆತ್ತುತ್ತದೆ ಎಂಬುದನ್ನು ತಿಳಿಸುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯೊಳಗಿನ ಭೂತದ ಬಗ್ಗೆ ಮಗುವೊಂದು ಅಥವಾ ಮುದುಕಿಯೊಬ್ಬಳು ಹೇಳಿದಾಗ ಅದನ್ನು ನಂಬಿಕೆಯ ಪಟ್ಟಿಗೆ ಸೇರಿಸುವ ಮೊದಲು ನಿಂತು ಕೇಳಬೇಕೆಂಬುದನ್ನು ನೆನಪಿಸುತ್ತವೆ. ನಮ್ಮ ಸಂಗ್ರಹಾಲಯಗಳಲ್ಲಿರುವ ಇಂತಹ ಎಷ್ಟೋ ಚೀಟಿಗಳನ್ನು ಈ ದೃಷ್ಟಿಯಿಂದ ಮರಳಿ ಓದುವ ಕೆಲಸ ಇನ್ನು ಆಗಬೇಕಾಗಿದೆ.